ಕರಗುವುದು ಅಲ್ಲಿ, ಏರುವುದು ಇಲ್ಲಿ

(ಕಾರವಾರದಲ್ಲಿ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ಸರಿ ಮಾಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ನಿಂತು ಹಿಮದ ಬಗ್ಗೆ ಮಾತಾಡುವುದು ಸ್ವಲ್ಪ ತಮಾಷೆಯೇ. ಇಲ್ಲಿ ಜನವರಿಯಲ್ಲೂ ಮಧ್ಯಾಹ್ನ ಫ್ಯಾನ್ ಬೇಕು. ಆದರೆ ಒಂದು ವಿಷಯ ಹೇಳುತ್ತೇನೆ, ಐಸ್ ಹೇಗೆ ಕರಗುತ್ತದೆ ಅನ್ನುವುದನ್ನು ದಿನಾ ಕೈಯಲ್ಲಿ ಹಿಡಿದು ನೋಡುವ ಜನ ಈ ಊರಲ್ಲಿರುವಷ್ಟು ಮನಾಲಿಯಲ್ಲೂ ಇರಲಿಕ್ಕಿಲ್ಲ. ಬೈತಖೋಲ್ ಬಂದರಿಗೆ ಬೆಳಿಗ್ಗೆ ಹೋಗಿ ನೋಡಿ. ಬೋಟು ಕಡಲಿಗೆ ಹೊರಡುವ ಮುಂಚೆ ಐಸ್ ಫ್ಯಾಕ್ಟರಿಯಿಂದ ದಪ್ಪ ದಪ್ಪ ಗಡ್ಡೆಗಳು ಬರುತ್ತವೆ. ಅವನ್ನು ಯಂತ್ರಕ್ಕೆ ಕೊಟ್ಟು ಪುಡಿ ಮಾಡಿ ಬೋಟಿನೊಳಗೆ ಸುರಿಯುತ್ತಾರೆ. ಬಂಗಡೆಯೋ ತಾರ್ಲೆಯೋ ಬಲೆಗೆ ಬಿದ್ದ ಮೇಲೆ ಒಂದು ಪದರ ಮೀನು, ಒಂದು ಪದರ ಐಸ್. ದಡಕ್ಕೆ ಬಂದು ಪೆಟ್ಟಿಗೆ ತೆಗೆದಾಗ ಕೆಳಗೆ ನೀರು ಸೋರುತ್ತಿರುತ್ತದೆ.

ಆ ಸೋರುವ ನೀರನ್ನು ನೋಡಿ ನಾವು "ಅಯ್ಯೋ, ಐಸ್ ಹಾಳಾಯಿತು" ಅನ್ನುತ್ತೇವೆ. ಹಾಗಲ್ಲ. ಅದು ಐಸ್ ಕೆಲಸ ಮಾಡಿದ್ದಕ್ಕೆ ಸಾಕ್ಷಿ. ಐಸ್ ಕರಗದೆ ಗಟ್ಟಿಯಾಗಿಯೇ ಕೂತಿದ್ದರೆ ಮೀನಿನ ಬಿಸಿಯನ್ನು ಎಳೆದುಕೊಂಡೇ ಇಲ್ಲ ಎಂದರ್ಥ.

ಲೆಕ್ಕ ನೋಡಿ. ಸೊನ್ನೆ ಡಿಗ್ರಿಯ ಒಂದು ಕಿಲೋ ಐಸ್ ಕರಗಿ ಸೊನ್ನೆ ಡಿಗ್ರಿಯ ಒಂದು ಕಿಲೋ ನೀರಾಗಬೇಕು. ಥರ್ಮಾಮೀಟರ್ ಒಂದು ಗೆರೆಯೂ ಮೇಲೆ ಹೋಗುವುದಿಲ್ಲ. ಆದರೆ ಅಷ್ಟಕ್ಕೇ ಸುಮಾರು 80 ಕಿಲೋಕ್ಯಾಲೊರಿ ಶಾಖ ಬೇಕು. ಅದೇ ಶಾಖವನ್ನು ಆ ನೀರಿಗೆ ಕೊಟ್ಟರೆ ಸೊನ್ನೆಯಿಂದ 80 ಡಿಗ್ರಿಗೆ ಏರುತ್ತದೆ, ಬಾಯಿ ಸುಡುವ ಚಹಾದಷ್ಟು ಬಿಸಿ. ಹತ್ತು ಕಿಲೋ ಬಂಗಡೆಯನ್ನು 30 ಡಿಗ್ರಿಯಿಂದ ಸೊನ್ನೆಗೆ ಇಳಿಸಲು ಮೂರರಿಂದ ಮೂರೂವರೆ ಕಿಲೋ ಐಸ್ ಕರಗಿದರೆ ಸಾಕು. ಬೋಟಿನವರು ಅದಕ್ಕಿಂತ ಎಷ್ಟೋ ಜಾಸ್ತಿ ಹಾಕುತ್ತಾರೆ, ಯಾಕೆಂದರೆ ಹೊರಗಿನ ಸೆಖೆಯೂ ಒಳಗೆ ನುಗ್ಗುತ್ತಲೇ ಇರುತ್ತದೆ. ಶಾಲೆಯಲ್ಲಿ ಇದನ್ನೇ ಗುಪ್ತೋಷ್ಣ ಎಂದು ಕಲಿತು, ಪರೀಕ್ಷೆ ಬರೆದು, ಮರೆತಿದ್ದೇವೆ.

ಇದನ್ನು ಇಷ್ಟು ಎಳೆದು ಹೇಳಲು ಕಾರಣ ಇದೆ. ಹಿಮ ಕರಗುವ ಸುದ್ದಿಯಲ್ಲಿ ನಮಗೆ ತಪ್ಪಿಹೋಗುವುದು ಇದೇ. ಶಾಖ ಒಂದು ಕಡೆ ಸೇರುತ್ತದೆ, ಅಲ್ಲಿ ಏನೂ ಆದಂತೆ ಕಾಣುವುದಿಲ್ಲ, ಪರಿಣಾಮ ಬೇರೆ ಕಡೆ ಬೇರೆ ರೂಪದಲ್ಲಿ ಬರುತ್ತದೆ. ಈಗ ಭೂಮಿಯ ಮೇಲೆ ಹೆಚ್ಚುವರಿಯಾಗಿ ಸೇರುತ್ತಿರುವ ಶಾಖದಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಪಾಲು ಸಮುದ್ರಕ್ಕೆ ಹೋಗುತ್ತದೆ. ಹಿಮ ಕರಗಿಸಲು ಹೋಗುವುದು ಸುಮಾರು ಮೂರು ಪಾಲು. ಗಾಳಿ ಬಿಸಿಯಾಗಲು ಬರೀ ಒಂದು ಪಾಲು. ನಾವು ಬೆವರು ಒರೆಸಿಕೊಂಡು ಮಾತಾಡುವುದೆಲ್ಲ ಆ ಒಂದು ಪಾಲಿನ ಬಗ್ಗೆ.

ಮೂರು ಪಾಲು ಅಂದರೆ ಕಮ್ಮಿ ಅನಿಸಬಹುದು. ಹಿಮ ನಿಧಾನಕ್ಕೆ ಕರಗುವ ವಸ್ತು, ಅದೂ ನಿಜ. ಇದಕ್ಕೊಂದು ಒಳ್ಳೇ ಕಥೆ ಇದೆ. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಟಸ್ಕನಿ ಎಂಬ ಹಡಗು ಕಲ್ಕತ್ತಕ್ಕೆ ಹೊರಟಿತು. ಅದರಲ್ಲಿದ್ದದ್ದು 180 ಟನ್ ಐಸ್. ಫ್ರಿಡ್ಜ್ ಇಲ್ಲದ ಕಾಲ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳಿಂದ ಕೊಯ್ದು ತೆಗೆದ ಗಡ್ಡೆಗಳು ಅವು. ಕಳಿಸಿದವನು ಫ್ರೆಡ್ರಿಕ್ ಟ್ಯೂಡರ್ ಎಂಬ ವ್ಯಾಪಾರಿ, ಮೊದಮೊದಲು ಜನ ಅವನಿಗೆ ತಲೆಕೆಟ್ಟಿದೆ ಎಂದೇ ನಕ್ಕಿದ್ದರು. ನಾಲ್ಕು ತಿಂಗಳ ದಾರಿ, ಸಮಭಾಜಕವನ್ನು ಎರಡು ಸಲ ದಾಟಬೇಕು. ಕಲ್ಕತ್ತಕ್ಕೆ ಬಂದಾಗ ಸುಮಾರು 100 ಟನ್ ಇನ್ನೂ ಐಸಾಗಿಯೇ ಉಳಿದಿತ್ತು! ಮದ್ರಾಸಿನ ಕಡಲ ದಂಡೆಯಲ್ಲಿ ಐಸ್ ಹೌಸ್ ಅಂತ ಇದೆ ನೋಡಿ, ಮುಂದೆ ವಿವೇಕಾನಂದರು ಉಳಿದುಕೊಂಡ ಕಟ್ಟಡ, ಅದನ್ನು ಕಟ್ಟಿದ್ದು ಈ ಐಸ್ ಇಡಲಿಕ್ಕೇ.

ಅದು ಹೇಗೆ ಉಳಿಯಿತು? ಗಡ್ಡೆಗಳನ್ನು ಒತ್ತೊತ್ತಾಗಿ ಜೋಡಿಸಿ ಸುತ್ತ ಮರದ ಹೊಟ್ಟು ತುಂಬಿದ್ದರು. ಶಾಖ ಒಳಗೆ ಹೋಗುವುದು ಮೈಮೇಲಿಂದ ಮಾತ್ರ. ರಾಶಿ ದೊಡ್ಡದಾದಷ್ಟೂ ಒಳಗಿನ ತೂಕಕ್ಕೆ ಹೋಲಿಸಿದರೆ ಹೊರಮೈ ಕಮ್ಮಿ. ಅಂಟಾರ್ಕ್ಟಿಕಾದಿಂದ 1986ರಲ್ಲಿ ಮುರಿದುಕೊಂಡ ಎ23ಎ ಎಂಬ ಹಿಮಗಡ್ಡೆ ನಮ್ಮ ಜಿಲ್ಲೆಯ ಮೂರರಲ್ಲೊಂದು ಪಾಲಿಗಿಂತ ದೊಡ್ಡದಿತ್ತು. ಅದು ಅಲ್ಲೇ ಸಮುದ್ರದ ತಳಕ್ಕೆ ಕಚ್ಚಿಕೊಂಡು ಮೂವತ್ತು ವರ್ಷಕ್ಕೂ ಜಾಸ್ತಿ ಕೂತಿತ್ತು. 2020ರ ಹೊತ್ತಿಗೆ ಹೊರಟಿತು. 2025ರಲ್ಲಿ ಚೂರುಚೂರಾಗತೊಡಗಿತು. ನಿಧಾನ, ನಿಧಾನ, ಆಮೇಲೆ ಒಮ್ಮೆಲೇ. 2002ರಲ್ಲಿ ಲಾರ್ಸನ್-ಬಿ ಎಂಬ ತೇಲುವ ಹಿಮದ ಹಾಸು ಹೀಗೇ ಒಡೆಯಿತು, 3,250 ಚದರ ಕಿಲೋಮೀಟರ್ ಸುಮಾರು ಒಂದು ತಿಂಗಳಲ್ಲಿ. ಸಾವಿರಾರು ವರ್ಷ ಗಟ್ಟಿಯಾಗಿದ್ದದ್ದು ಅದು.

ಈಗ ಮೇಜಿನ ಮೇಲಿರುವ ಎರಡು ಗ್ಲಾಸು ನೋಡಿ. ಒಂದರಲ್ಲಿ ಭಾವಿಯ ಸಿಹಿ ನೀರು. ಇನ್ನೊಂದರಲ್ಲಿ ಇಲ್ಲೇ ಟಾಗೋರ್ ಬೀಚಿನಿಂದ ತಂದ ಸಮುದ್ರದ ನೀರು. ಸಕ್ಕರೆ ಹಾಕದ ಮುರುಗಲು ನೀರನ್ನು ಫ್ರಿಡ್ಜಿನಲ್ಲಿಟ್ಟು ಕೆಂಪು ಐಸ್ ಮಾಡಿಕೊಂಡು ಬಂದಿದ್ದೇನೆ. ಎರಡಕ್ಕೂ ಒಂದೊಂದು ತುಂಡು ಹಾಕಿದರೆ ಯಾವುದರಲ್ಲಿ ಬೇಗ ಕರಗುತ್ತದೆ?

(ಇಲ್ಲಿ ಮುಕ್ಕಾಲು ಪಾಲು ಕೈಗಳು ಉಪ್ಪು ನೀರಿಗೆ ಎದ್ದವು. "ಉಪ್ಪು ಹಾಕಿದರೆ ಐಸ್ ಕರಗುತ್ತದಲ್ವಾ ಸರ್" ಎಂದು ಮುಂದಿನ ಸಾಲಿನ ಹುಡುಗಿ ಹೇಳಿದಳು.)

ನೋಡಿ, ಸಿಹಿ ನೀರಿನದ್ದು ಆಗಲೇ ಅರ್ಧಕ್ಕೆ ಇಳಿದಿದೆ. ಉಪ್ಪು ನೀರಿನದ್ದು ಇನ್ನೂ ದಪ್ಪಗಿದೆ. ಯಾಕೆ ಅಂತ ಬಣ್ಣವೇ ಹೇಳುತ್ತದೆ, ಸ್ವಲ್ಪ ಹತ್ತಿರ ಬಂದು ನೋಡಿ. ಸಿಹಿ ನೀರಿನ ಗ್ಲಾಸಿನಲ್ಲಿ ಐಸಿನ ಅಡಿಯಿಂದ ಕೆಂಪು ಎಳೆಗಳು ನೂಲಿನ ಹಾಗೆ ಕೆಳಗೆ ಇಳಿಯುತ್ತಿವೆ. ಕರಗಿದ ನೀರು ತಣ್ಣಗಿದೆ, ಭಾರ ಇದೆ, ಮುಳುಗುತ್ತದೆ. ಅದು ಹೋದ ಜಾಗಕ್ಕೆ ಬೆಚ್ಚಗಿನ ನೀರು ಬಂದು ಐಸಿಗೆ ತಾಗುತ್ತದೆ. ಉಪ್ಪು ನೀರಿನ ಗ್ಲಾಸಿನಲ್ಲಿ ಕೆಂಪೆಲ್ಲ ಮೇಲೆ ಒಂದು ಪದರವಾಗಿ ನಿಂತಿದೆ. ಕರಗಿದ ನೀರಿಗೆ ಉಪ್ಪಿಲ್ಲ, ಎಷ್ಟೇ ತಣ್ಣಗಿದ್ದರೂ ಸಮುದ್ರದ ನೀರಿಗಿಂತ ಹಗುರ. ಹಾಗಾಗಿ ಐಸ್ ತನ್ನದೇ ತಣ್ಣನೆ ನೀರಿನಲ್ಲಿ ಕೂತುಬಿಟ್ಟಿದೆ. ಆ ಹುಡುಗಿ ಹೇಳಿದ್ದೂ ಸುಳ್ಳಲ್ಲ. ಐಸಿನ ಮೇಲೆ ಉಪ್ಪು ಉದುರಿಸಿದರೆ ಕರಗುವ ಬಿಂದು ಇಳಿಯುತ್ತದೆ, ಅದು ಬೇರೆ ಆಟ. ಈ ಬೆಚ್ಚಗಿನ ಗ್ಲಾಸಿನಲ್ಲಿ ಗೆಲ್ಲುವುದು ನೀರಿನ ಓಡಾಟ.

ಈ ಕೆಂಪು ಪದರವೇ ಉತ್ತರ ಅಟ್ಲಾಂಟಿಕ್‌ನಲ್ಲಿ ದೊಡ್ಡ ತಲೆನೋವು. ಅಲ್ಲಿ ದಕ್ಷಿಣದಿಂದ ಬಂದ ಬೆಚ್ಚಗಿನ ಉಪ್ಪು ನೀರು ಗ್ರೀನ್‌ಲ್ಯಾಂಡ್ ಹತ್ತಿರ ತಣ್ಣಗಾಗಿ, ಭಾರವಾಗಿ, ಆಳಕ್ಕೆ ಇಳಿಯುತ್ತದೆ. ಅದು ಇಳಿದಷ್ಟು ಹಿಂದಿನಿಂದ ಇನ್ನಷ್ಟು ಬೆಚ್ಚಗಿನ ನೀರು ಬರುತ್ತದೆ. ಮೇಲೆ ಕರಗಿದ ಹಿಮದ ಸಿಹಿ ನೀರು ಹರಡಿಕೊಂಡರೆ ಈ ಇಳಿಯುವಿಕೆ ಸಡಿಲವಾಗುತ್ತದೆ. ಹಿಂದೆ ಹಾಗೆ ಆಗಿದೆ. ಸುಮಾರು 12,900 ವರ್ಷದ ಹಿಂದೆ, ಹಿಮಯುಗ ಮುಗಿಯುತ್ತಾ ಬಂದಿದ್ದ ಹೊತ್ತಿನಲ್ಲಿ, ಉತ್ತರ ಅಟ್ಲಾಂಟಿಕ್ ಸುತ್ತಮುತ್ತ ಮತ್ತೆ ಸಾವಿರ ವರ್ಷಕ್ಕೂ ಜಾಸ್ತಿ ಚಳಿ ಕವಿಯಿತು. ಅದೇ ಕಾಲದಲ್ಲಿ ಏಷ್ಯಾದ ಮುಂಗಾರು ಸೊರಗಿತ್ತು ಎಂದು ಅರಬ್ಬಿ ಸಮುದ್ರದ ತಳದ ಕೆಸರು ಮತ್ತು ಗುಹೆಗಳ ಕಲ್ಲು ಹೇಳುತ್ತವೆ. ಹಿಮ ಎಲ್ಲಿಯದೋ, ಮಳೆ ಎಲ್ಲಿಯದೋ.

ಇನ್ನು ಸಮುದ್ರ ಏರುವ ವಿಷಯ. ತೇಲುವ ಐಸ್ ಕರಗಿದರೆ ನೀರಿನ ಮಟ್ಟ ಏರುವುದಿಲ್ಲ, ಇದನ್ನು ಮನೆಯಲ್ಲೇ ನೋಡಬಹುದು, ಗ್ಲಾಸಿನ ಅಂಚಿನವರೆಗೆ ನೀರು ತುಂಬಿ ಐಸ್ ತೇಲಿಸಿ, ಕರಗಿದ ಮೇಲೂ ಚೆಲ್ಲುವುದಿಲ್ಲ. (ಸಮುದ್ರದಲ್ಲಿ ಉಪ್ಪಿನ ಕಾರಣಕ್ಕೆ ಚೂರೇ ಚೂರು ಏರುತ್ತದೆ, ಅದನ್ನು ಬಿಡಿ.) ಆರ್ಕ್ಟಿಕ್ ಸಮುದ್ರದ ಮೇಲಿನ ತೇಲು ಹಿಮ ಕರಗಿದರೆ ಆಗುವ ತೊಂದರೆ ಬೇರೆ. ಹೊಸ ಬೆಳ್ಳನೆ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ 80 ಪಾಲಿಗಿಂತ ಜಾಸ್ತಿ ವಾಪಸ್ ಕಳಿಸುತ್ತದೆ. ಕಪ್ಪು ಸಮುದ್ರ ಕಳಿಸುವುದು ಆರೇಳು ಪಾಲು. ಬಿಳಿ ಹೋದಷ್ಟೂ ಬಿಸಿ ಒಳಗೆ, ಬಿಸಿ ಒಳಗೆ ಹೋದಷ್ಟೂ ಬಿಳಿ ಕಮ್ಮಿ. 1980ರ ಸುಮಾರಿಗೆ ಸೆಪ್ಟೆಂಬರಿನಲ್ಲಿ ಅಲ್ಲಿ 70 ಲಕ್ಷ ಚದರ ಕಿಲೋಮೀಟರ್ ಹಿಮ ಉಳಿಯುತ್ತಿತ್ತು, 2012ರ ಸೆಪ್ಟೆಂಬರಿನಲ್ಲಿ ಉಳಿದದ್ದು ಅದರ ಅರ್ಧ.

ಸಮುದ್ರವನ್ನು ಏರಿಸುವುದು ನೆಲದ ಮೇಲಿನ ಹಿಮ. ಗ್ರೀನ್‌ಲ್ಯಾಂಡಿನದ್ದು ಪೂರ್ತಿ ಕರಗಿದರೆ ಏಳು ಮೀಟರಿಗೂ ಜಾಸ್ತಿ. ಅಂಟಾರ್ಕ್ಟಿಕಾದ್ದು ಪೂರ್ತಿ ಕರಗಿದರೆ 58 ಮೀಟರ್. ಹೆದರಬೇಡಿ, ಇದು ಸಾವಿರಾರು ವರ್ಷದ ಮಾತು, ಟಿವಿಯವರು ಅದನ್ನು ಹೇಳುವುದಿಲ್ಲ ಅಷ್ಟೇ. ಈಗ ನಡೆಯುತ್ತಿರುವ ಲೆಕ್ಕ ಹೀಗಿದೆ. 360 ಶತಕೋಟಿ ಟನ್ ಹಿಮ ನೀರಾದರೆ ಜಗತ್ತಿನ ಸಮುದ್ರ ಒಂದು ಮಿಲಿಮೀಟರ್ ಏರುತ್ತದೆ. ಗ್ರೀನ್‌ಲ್ಯಾಂಡ್ ವರ್ಷಕ್ಕೆ ಸರಾಸರಿ 270 ಶತಕೋಟಿ ಟನ್ ಆಸುಪಾಸು ಕಳೆದುಕೊಳ್ಳುತ್ತಿದೆ. ಹಿಮಾಲಯ, ಆಲ್ಪ್ಸ್, ಅಲಾಸ್ಕ ಎಲ್ಲ ಸೇರಿದ ಬೆಟ್ಟದ ಹಿಮನದಿಗಳೂ ಹೆಚ್ಚುಕಮ್ಮಿ ಅಷ್ಟೇ. ಅಂಟಾರ್ಕ್ಟಿಕಾ ಅದರ ಅರ್ಧ. ಇದರ ಜತೆಗೆ ಬಿಸಿಯಾದ ಸಮುದ್ರ ತಾನೇ ಹಿಗ್ಗುತ್ತದೆ. ಎಲ್ಲ ಸೇರಿ ಈಗ ವರ್ಷಕ್ಕೆ ನಾಲ್ಕು ಮಿಲಿಮೀಟರಿಗೂ ಜಾಸ್ತಿ. 1993ರಲ್ಲಿ ಉಪಗ್ರಹದಿಂದ ಅಳೆಯಲು ಶುರು ಮಾಡಿದಾಗ ಇದರ ಅರ್ಧ ಇತ್ತು.

ಅಂಟಾರ್ಕ್ಟಿಕಾದಲ್ಲಿ ಥ್ವೇಟ್ಸ್ ಎಂಬ ಹಿಮನದಿ ಇದೆ. ಅದರ ವಿಸ್ತೀರ್ಣ ಸುಮಾರು 1,92,000 ಚದರ ಕಿಲೋಮೀಟರ್. ನಮ್ಮ ಕರ್ನಾಟಕದ್ದು 1,91,791. ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಹಿಮನದಿ ಎಂದು ಊಹಿಸಿಕೊಳ್ಳಿ, ಅದೂ ಜಾಗ ಜಾಗದಲ್ಲಿ ಕಿಲೋಮೀಟರುಗಟ್ಟಲೆ ದಪ್ಪ. ಅದು ಕೂತಿರುವ ನೆಲ ಸಮುದ್ರ ಮಟ್ಟಕ್ಕಿಂತ ಕೆಳಗಿದೆ, ಒಳಗೆ ಹೋದಷ್ಟೂ ಇನ್ನೂ ತಗ್ಗು. ಹಾಗಾಗಿ ಬೆಚ್ಚಗಿನ ಸಮುದ್ರದ ನೀರು ಅಡಿಯಿಂದ ನುಗ್ಗಿ ಕರಗಿಸುತ್ತದೆ. ಮೇಲಿನಿಂದ ನೋಡಿದವರಿಗೆ ಬಿಳಿ ಬಯಲು ಹಾಗೇ ಕಾಣುತ್ತದೆ. ಅದೊಂದೇ ಹೋದರೆ 65 ಸೆಂಟಿಮೀಟರ್.

ಈಗ ನನಗೆ ತುಂಬ ಇಷ್ಟವಾದ ಭಾಗ. ಗ್ರೀನ್‌ಲ್ಯಾಂಡ್ ಹಿಮ ಕರಗಿದರೆ ಗ್ರೀನ್‌ಲ್ಯಾಂಡ್ ದಡದಲ್ಲಿ ಸಮುದ್ರ ಏರುತ್ತದಾ?

ಇಲ್ಲ. ಇಳಿಯುತ್ತದೆ.

ಅಷ್ಟು ಭಾರದ ಹಿಮ ಇದೆಯಲ್ಲ, ಅದಕ್ಕೆ ತನ್ನದೇ ಗುರುತ್ವಾಕರ್ಷಣೆ ಇದೆ. ಸುತ್ತಲಿನ ಸಮುದ್ರವನ್ನು ತನ್ನ ಕಡೆಗೆ ಎಳೆದು ಎತ್ತಿಕೊಂಡಿದೆ. ಹಿಮ ಕಮ್ಮಿಯಾದಂತೆ ಎಳೆತ ಸಡಿಲವಾಗಿ ಆ ನೀರು ದೂರ ಸರಿಯುತ್ತದೆ. ಜತೆಗೆ ಭಾರ ಇಳಿದ ನೆಲ ಮೇಲೆ ಏಳುತ್ತದೆ. ಸ್ವೀಡನ್ನಿನ ಉತ್ತರದ ಕರಾವಳಿ ಹಿಮಯುಗದ ಭಾರ ಇಳಿದು ಹತ್ತು ಸಾವಿರ ವರ್ಷವಾದರೂ ಈಗಲೂ ವರ್ಷಕ್ಕೆ ಸುಮಾರು 9 ಮಿಲಿಮೀಟರ್ ಏಳುತ್ತಿದೆ, ಅಲ್ಲಿಯ ಹಳೆ ಬಂದರುಗಳು ನೆಲಕ್ಕೆ ಸೇರಿಹೋಗಿವೆ. ಹೀಗಾಗಿ ಕರಗುವ ಹಿಮದಿಂದ ಸುಮಾರು ಎರಡು ಸಾವಿರ ಕಿಲೋಮೀಟರ್ ಒಳಗೆ ಸಮುದ್ರ ಇಳಿಯುತ್ತದೆ. ಏಳು ಸಾವಿರ ಕಿಲೋಮೀಟರ್ ಆಚೆ ಸರಾಸರಿಗಿಂತ ಜಾಸ್ತಿ ಏರುತ್ತದೆ.

ನಾವೆಲ್ಲಿದ್ದೇವೆ? ಕಾರವಾರದಿಂದ ಗ್ರೀನ್‌ಲ್ಯಾಂಡಿನ ನಡುಮಧ್ಯಕ್ಕೆ ಒಂಬತ್ತು ಸಾವಿರ ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ಇಲ್ಲಿಂದ ನೆಟ್ಟಗೆ ದಕ್ಷಿಣಕ್ಕೆ ಅಂಟಾರ್ಕ್ಟಿಕಾದ ದಡಕ್ಕೂ ಒಂಬತ್ತು ಸಾವಿರಕ್ಕೆ ಸ್ವಲ್ಪ ಜಾಸ್ತಿ. ಎರಡು ಹಿಮದ ರಾಶಿಗಳಿಂದಲೂ ಸಮ ದೂರ, ಎರಡರಿಂದಲೂ ದುಬಾರಿ ಪಾಲು! ಬೈತಖೋಲ್ ಗುಡ್ಡದ ಆಚೆ ದಕ್ಷಿಣಕ್ಕೆ ಮುಖ ಮಾಡಿ ಹೊರಟರೆ ಲಕ್ಷದ್ವೀಪ, ಮಾಲ್ಡೀವ್ಸ್ ಎಲ್ಲ ಬಲಕ್ಕೆ ಉಳಿದು, ಹೆಚ್ಚುಕಮ್ಮಿ ಏನೂ ಅಡ್ಡ ಬಾರದೆ ಹಿಮದ ಗೋಡೆಯೇ ಸಿಗುತ್ತದೆ. ಅಲ್ಲಿಂದ ಸ್ವಲ್ಪ ಪೂರ್ವಕ್ಕೆ ನಮ್ಮ ದೇಶದ ಭಾರತಿ ಸಂಶೋಧನಾ ನೆಲೆ ಇದೆ, 2012ರಲ್ಲಿ ಶುರುವಾದದ್ದು.

ಸಮುದ್ರ ಎಲ್ಲ ಕಡೆ ಒಂದೇ ಮಟ್ಟ ಎಂಬುದೇ ಸುಳ್ಳು, ಗೊತ್ತಾ? ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದ ಮೇಲ್ಮೈ ನೂರು ಮೀಟರಿಗೂ ಜಾಸ್ತಿ ತಗ್ಗಿದೆ. ಅಲ್ಲಿ ಭೂಮಿಯ ಎಳೆತ ಕಮ್ಮಿ. ಹಡಗಿನವರಿಗೆ ಏನೂ ಗೊತ್ತಾಗುವುದಿಲ್ಲ, ಇಳಿಜಾರು ಸಾವಿರಾರು ಕಿಲೋಮೀಟರಿಗೆ ಹರಡಿದೆ.

ಹಿಮ ಕರಗಿ ಕಡಲು ಏರುವುದು ಈ ಊರಿಗೆ ಹೊಸದಲ್ಲ. ಇಪ್ಪತ್ತು ಸಾವಿರ ವರ್ಷದ ಹಿಂದೆ ಸಮುದ್ರ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಆ ನೀರೆಲ್ಲ ಕೆನಡಾ, ಯುರೋಪುಗಳ ಮೇಲೆ ಹಿಮವಾಗಿ ಕೂತಿತ್ತು. ನಮ್ಮ ಕಡೆ ಕಡಲ ತಳ ತುಂಬ ದೂರದವರೆಗೆ ಆಳ ಇಲ್ಲ. ಹಾಗಾಗಿ ಆಗ ಕಾರವಾರದಿಂದ ಕಡಲು ಕಾಣುತ್ತಲೇ ಇರಲಿಲ್ಲ. ಹತ್ತಾರು ಕಿಲೋಮೀಟರ್ ಪಶ್ಚಿಮಕ್ಕೆ ನಡೆಯಬೇಕಿತ್ತು. ಕೂರ್ಮಗಡ, ದೇವಗಡ, ಅಂಜದೀವ ಎಲ್ಲ ಬಯಲಿನ ನಡುವೆ ಎದ್ದ ಗುಡ್ಡಗಳು. ಭಟ್ಕಳದ ಕಡೆಯ ನೇತ್ರಾಣಿಗೂ ನಡೆದೇ ಹೋಗಬಹುದಿತ್ತು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಲ್ಲ ಈಗಿನ ಅಳಿವೆ ದಾಟಿ ಇನ್ನೂ ಮುಂದೆ ಹರಿಯುತ್ತಿದ್ದವು. ಆಮೇಲೆ ಹಿಮ ಕರಗಿತು, ಕಡಲು ಬಂತು, ಹೊಳೆಗಳ ಕೊನೆಯ ಭಾಗ ಮುಳುಗಿ ಈಗ ನಾವು ನೋಡುವ ಅಗಲವಾದ ಅಳಿವೆಗಳಾದವು. ಅದೂ ಒಂದೇ ಸಮನೆ ಏರಲಿಲ್ಲ. ಸುಮಾರು 14,500 ವರ್ಷದ ಹಿಂದೆ ಐನೂರು ವರ್ಷದೊಳಗೆ 12ರಿಂದ 20 ಮೀಟರ್ ಏರಿಬಿಟ್ಟಿತ್ತು. ಆಗ ದಡದಲ್ಲಿ ಜನ ಇದ್ದಿದ್ದರೆ ಎದ್ದು ಒಳಗೆ ನಡೆದಿರುತ್ತಾರೆ. ಅವರಿಗೆ ಪಟ್ಟಾ ಜಾಗ ಇರಲಿಲ್ಲ, ರಾಷ್ಟ್ರೀಯ ಹೆದ್ದಾರಿ ಇರಲಿಲ್ಲ, ಬೆನ್ನ ಹಿಂದಿನ ಘಟ್ಟದವರೆಗೆ ಜಾಗವೂ ಬೇಕಾದಷ್ಟಿತ್ತು. ನಮಗೆ ಘಟ್ಟ ಕೂಗಳತೆಯಲ್ಲೇ ಇದೆ, ನಡುವೆ ಒಂದು ಪಟ್ಟಿ ನೆಲ.

ಈಗ ಸ್ವಲ್ಪ ತಕರಾರು ಮಾಡುತ್ತೇನೆ. ನಮ್ಮ ಕರಾವಳಿಯಲ್ಲಿ ಮನೆ ಮುಂದಿನ ತೆಂಗು ಬಿದ್ದರೂ "ಹವಾಮಾನ ಬದಲಾವಣೆ" ಎಂದು ಹೇಳಿ ಕೈ ತೊಳೆದುಕೊಳ್ಳುವುದು ರೂಢಿಯಾಗಿದೆ. ಉಪಗ್ರಹದ ಅಳತೆ ಶುರುವಾದಾಗಿನಿಂದ ಉತ್ತರ ಹಿಂದೂ ಮಹಾಸಾಗರ ಏರಿದ್ದು ಸರಾಸರಿ ವರ್ಷಕ್ಕೆ ಮೂರು ಚಿಲ್ಲರೆ ಮಿಲಿಮೀಟರ್. ಒಂದೇ ಮಳೆಗಾಲದಲ್ಲಿ ಹತ್ತು ಮೀಟರ್ ದಡ ತಿಂದು ಹೋಯಿತು ಅಂದರೆ ಅದು ಹಿಮದ ಕೆಲಸ ಅಲ್ಲ. ಅಣೆಕಟ್ಟಿನಲ್ಲಿ ನಿಂತ ಮರಳು ದಡಕ್ಕೆ ಬರುವುದಿಲ್ಲ, ಹೊಳೆಯಿಂದ ಮರಳು ತೆಗೆಯುತ್ತೇವೆ, ಒಂದು ಕಡೆ ಕಲ್ಲಿನ ತಡೆಗೋಡೆ ಹಾಕಿದರೆ ಪಕ್ಕದ ಊರಿನ ದಡ ಕೊರೆಯುತ್ತದೆ. ಇವು ನಮ್ಮ ಕೈಯಲ್ಲಿರುವ ವಿಷಯಗಳು. ದೂರದ ಹಿಮದ ಮೇಲೆ ಹಾಕಿ ಸುಮ್ನೆ ಕೂರುವುದು ಸರಿಯಲ್ಲ.

ಹಾಗಾದರೆ ಹಿಮದ ಕೆಲಸ ಎಲ್ಲಿ ಕಾಣುತ್ತದೆ? ಅಷ್ಟೊಂದು ಸದ್ದಿಲ್ಲದ ಜಾಗದಲ್ಲಿ. ಕುಮಟಾ ಕಡೆಯ ಗಜನಿ ಗದ್ದೆ ನೋಡಿ. ಅಘನಾಶಿನಿಯ ಉಪ್ಪು ನೀರು ಮತ್ತು ಮಳೆಯ ಸಿಹಿ ನೀರಿನ ನಡುವೆ ಒಡ್ಡು ಕಟ್ಟಿ, ಭರತ ಇಳಿತ ನೋಡಿಕೊಂಡು ಬಾಗಿಲು ತೆರೆದು ಮುಚ್ಚಿ, ಮಳೆಗಾಲಕ್ಕೆ ಕಗ್ಗ ಭತ್ತ, ಆಮೇಲೆ ಸಿಗಡಿ ಮೀನು ಎಂದು ಹಿರಿಯರು ಹೊಂದಿಸಿಕೊಂಡ ವ್ಯವಸಾಯ ಅದು. ಕಗ್ಗ ಉಪ್ಪನ್ನೂ ತಡೆಯುತ್ತದೆ, ನೆರೆಯಲ್ಲಿ ಮುಳುಗಿದರೂ ಬದುಕುತ್ತದೆ. ಆದರೆ ಇಡೀ ಲೆಕ್ಕ ನಿಂತಿರುವುದು ಭರತದ ಎತ್ತರದ ಮೇಲೆ. ಇಳಿತದಲ್ಲಿ ಹೊಳೆ ಸಾಕಷ್ಟು ತಗ್ಗಿದರೆ ಮಾತ್ರ ಗದ್ದೆಯ ನೀರು ಹೊರಗೆ ಹೋಗುತ್ತದೆ. ಅದು ಒಂದು ಗೇಣು ಏರಿದರೂ ನೀರು ಹೊರಗೆ ಹೋಗುವ ಹೊತ್ತು ಕಮ್ಮಿ. ಒಡ್ಡು ಒಡೆಯುವ ತನಕ ಕಾಯಬೇಕಿಲ್ಲ, ಅದಕ್ಕೂ ಮೊದಲೇ ನೀರು ನಿಲ್ಲಲು ಶುರು. ಭಾವಿಗಳದ್ದೂ ಇದೇ ಕಥೆ. ದಡದ ನೆಲದಡಿ ಸಿಹಿ ನೀರು ಉಪ್ಪು ನೀರಿನ ಮೇಲೆ ತೇಲಿಕೊಂಡಿದೆ. ಕಡಲು ಏರಿದರೆ, ಮೇಲಿಂದ ನಾವೂ ಪಂಪು ಹಾಕಿ ಎಳೆದರೆ, ಉಪ್ಪು ಮೇಲೆ ಬರುತ್ತದೆ.

ಶಿರಸಿ, ಸಿದ್ದಾಪುರದಿಂದ ಬಂದವರು "ನಮಗೇನು, ನಾವು ಘಟ್ಟದ ಮೇಲೆ" ಎಂದು ನಗುತ್ತಿದ್ದೀರಿ. ನಿಮಗೂ ಒಂದು ಇದೆ. ವಾಸ್ಕೋದಲ್ಲಿ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇದೆ. ಅಲ್ಲಿನ ವಿಜ್ಞಾನಿಗಳು 2021ರಲ್ಲಿ ಒಂದು ನಂಟು ತೋರಿಸಿದರು. ರಷ್ಯಾದ ಉತ್ತರಕ್ಕಿರುವ ಕಾರಾ ಸಮುದ್ರದಲ್ಲಿ ಬೇಸಿಗೆಯ ತೇಲು ಹಿಮ ಕಮ್ಮಿಯಾದಾಗ ಗಾಳಿಯ ಸುತ್ತಾಟ ಬದಲಾಗಿ ಭಾರತದಲ್ಲಿ ಮುಂಗಾರಿನ ಕೊನೆಗೆ, ಸೆಪ್ಟೆಂಬರಿನಲ್ಲಿ, ವಿಪರೀತ ಮಳೆ ಬೀಳುವುದಕ್ಕೆ ದಾರಿಯಾಗಬಹುದು ಎಂದು. ಅವರು ನೋಡಿದ್ದು ಮುಖ್ಯವಾಗಿ ಮಧ್ಯ ಭಾರತದ ಮಳೆ, ಶಿರಸಿಯದ್ದಲ್ಲ, "ಆಗಬಹುದು" ಎಂದೇ ಹೇಳಿದ್ದಾರೆ, ಅದನ್ನು ಬೆಳೆಸಿ ಹೇಳುವುದಿಲ್ಲ. ಆದರೆ ಮಳೆ ಬಿಡದೆ ಸೆಪ್ಟೆಂಬರಿಗೆ ಎಳೆದರೆ ಅಡಿಕೆ ತೋಟದಲ್ಲಿ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾ? ಕೊಳೆ ರೋಗಕ್ಕೆ ಎರಡು ಸಲ ಬೋರ್ಡೋ ದ್ರಾವಣ ಹೊಡೆದು ಮುಗಿಯಿತು ಅಂದುಕೊಂಡವರು ಮೂರನೇ ಸಲಕ್ಕೆ ಮರ ಹತ್ತುವ ಕೊನೆಗೌಡನನ್ನು ಹುಡುಕಿಕೊಂಡು ಅಲೆಯುತ್ತೀರಿ, ಅವನು ಸಿಗುವುದಿಲ್ಲ, ಸಿಕ್ಕರೂ ಆ ದಿನ ಮಳೆ ಬಿಡುವುದಿಲ್ಲ, ಅಷ್ಟರಲ್ಲಿ ಉದುರಿದ ಕೊಳೆ ಅಡಿಕೆಯನ್ನು ಹೆಕ್ಕಲು ಬುಟ್ಟಿ ಸಾಲುವುದಿಲ್ಲ.

ಸಣ್ಣ ಪುಟ್ಟ ಕುತೂಹಲಗಳು ಇನ್ನೂ ಇವೆ, ಬೇಗ ಹೇಳಿಬಿಡುತ್ತೇನೆ. ಹಿಮನದಿಯ ಐಸ್ ಕರಗುವಾಗ ಗದ್ದಲ ಮಾಡುತ್ತದೆ. ಮೇಲೆ ಮೇಲೆ ಬಿದ್ದ ಹಿಮದ ಭಾರಕ್ಕೆ ಒಳಗಿನ ಗಾಳಿ ಗುಳ್ಳೆಗಳು ಒತ್ತಡದಲ್ಲಿ ಸಿಕ್ಕಿಕೊಂಡಿರುತ್ತವೆ. ಕರಗಿದಾಗ ಒಂದೊಂದೇ ಟಪ್ ಟಪ್ ಎಂದು ಒಡೆಯುತ್ತವೆ. ಕೋಟಿಗಟ್ಟಲೆ ಗುಳ್ಳೆ ಸೇರಿದರೆ ನೀರಿನಡಿ ಭಾರಿ ಸದ್ದು. ಅಲಾಸ್ಕದ ಹಿಮನದಿಗಳು ಕಡಲಿಗೆ ಸೇರುವ ಕೊಲ್ಲಿಗಳು ಜಗತ್ತಿನ ಅತಿ ಗದ್ದಲದ ಸಮುದ್ರಗಳಲ್ಲಿ ಸೇರುತ್ತವೆ ಎಂದು 2015ರಲ್ಲಿ ಅಳೆದು ಹೇಳಿದರು. ಆ ಗುಳ್ಳೆಯಲ್ಲಿರುವುದು ಹಳೇ ಕಾಲದ ಗಾಳಿ. ಅಂಟಾರ್ಕ್ಟಿಕಾದಲ್ಲಿ ಮೂರು ಕಿಲೋಮೀಟರಿಗೂ ಆಳ ಕೊರೆದು ತೆಗೆದ ಐಸಿನಲ್ಲಿ ಎಂಟು ಲಕ್ಷ ವರ್ಷದ ಗಾಳಿ ಸಿಕ್ಕಿದೆ. ಅಷ್ಟೂ ಕಾಲದಲ್ಲಿ ಇಂಗಾಲದ ಡೈ ಆಕ್ಸೈಡ್ ಹತ್ತು ಲಕ್ಷಕ್ಕೆ 300 ಪಾಲಿನ ಗಡಿ ದಾಟಿರಲಿಲ್ಲ. ಈಗ 420 ದಾಟಿದೆ. ಹಿಮ ಕರಗಿದರೆ ನೀರಿನ ಜತೆ ಈ ದಾಖಲೆಯೂ ಹೋಗುತ್ತದೆ. ನೀರಿಗಿಂತ ಇದು ಹೋಗುವುದೇ ನನಗೆ ಹೊಟ್ಟೆ ಉರಿಸುತ್ತದೆ.

ಇನ್ನೊಂದು. ಹಿಮ ಕರಗುವುದು ಭೂಮಿಯ ತಿರುಗುವಿಕೆಯನ್ನು ನಿಧಾನ ಮಾಡುತ್ತದೆ. ಗಿರಗಿರ ತಿರುಗುವ ಮಗು ಕೈ ಚಾಚಿದರೆ ವೇಗ ಇಳಿಯುತ್ತದಲ್ಲ, ಹಾಗೆ. ಧ್ರುವದಲ್ಲಿ ಅಕ್ಷದ ಹತ್ತಿರ ಇದ್ದ ಭಾರ ನೀರಾಗಿ ಸಮಭಾಜಕದ ಕಡೆಗೆ ಹರಡುತ್ತದೆ. ದಿನದ ಉದ್ದದಲ್ಲಿ ವ್ಯತ್ಯಾಸ ನೂರು ವರ್ಷಕ್ಕೆ ಒಂದು ಚಿಲ್ಲರೆ ಮಿಲಿಸೆಕೆಂಡ್. ಏನು ಮಹಾ ಅಂತೀರಾ? ಭೂಮಿಯ ಒಳಗಿನ ಬೇರೆ ಕಾರಣದಿಂದ ಅದು ಈಗ ಚೂರು ಬೇಗ ತಿರುಗುತ್ತಿದೆ, ಅದಕ್ಕಾಗಿ ಜಗತ್ತಿನ ಗಡಿಯಾರಗಳಿಂದ ಒಂದು ಸೆಕೆಂಡ್ ತೆಗೆಯಬೇಕಾಗಿ ಬರುವುದು 2026ರ ಬದಲು 2029ಕ್ಕೆ ಹೋಗುತ್ತದೆ ಎಂದು 2024ರಲ್ಲಿ ಒಂದು ಲೆಕ್ಕ ಬಂತು, ಕಾರಣ ಈ ಹಿಮ.

ಹಿಮಾಲಯದ್ದು ಇನ್ನೊಂದು ದಿನದ ಮಾತು. ಅಲ್ಲಿ ಕರಗಿದ ನೀರು ಹಿಮನದಿಯ ಬುಡದಲ್ಲೇ ಕೆರೆ ಕಟ್ಟಿಕೊಳ್ಳುತ್ತದೆ. ಅದಕ್ಕೆ ಒಡ್ಡು ಎಂದರೆ ಬರೀ ಸಡಿಲ ಕಲ್ಲು ಮಣ್ಣು. 2023ರ ಅಕ್ಟೋಬರಿನಲ್ಲಿ ಸಿಕ್ಕಿಮಿನ ದಕ್ಷಿಣ ಲೋನಾಕ್ ಕೆರೆ ಒಡೆದು ಕೆಳಗಿನ ದೊಡ್ಡ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋಯಿತು. ತೀಸ್ತಾ ದಂಡೆಯ ಜನರಿಗೆ ಎಚ್ಚರಿಕೆ ಮುಟ್ಟುವ ಮೊದಲೇ ನೀರು ಮುಟ್ಟಿತ್ತು.

ಪ್ರಶ್ನೆಗಳು ತುಂಬ ಬಂದವು. ಮೀನು ಮಾರುವ ಅಕ್ಕ ಒಬ್ಬರು ಎದ್ದು ಕೇಳಿದರು, "ನಾವು ಇಷ್ಟೊಂದು ಐಸ್ ಮಾಡ್ತೇವಲ್ಲ, ಅದರಿಂದ ತಂಪಾಗಬೇಕಲ್ವಾ?" ಆಗುವುದಿಲ್ಲ ಅಕ್ಕ. ಐಸ್ ಕರಗುವಾಗ ಎಷ್ಟು ಶಾಖ ಎಳೆದುಕೊಳ್ಳುತ್ತದೋ ಹೆಪ್ಪುಗಟ್ಟುವಾಗ ಅಷ್ಟನ್ನೂ ಹೊರಗೆ ಹಾಕುತ್ತದೆ. ಯಂತ್ರ ಓಡಿದ ಬಿಸಿ ಅದರ ಮೇಲೆ. ಫ್ಯಾಕ್ಟರಿಯ ಹಿಂದೆ ನಿಂತು ನೋಡಿ, ಮುಖಕ್ಕೆ ಹೊಡೆಯುತ್ತದೆ. "ಅದು ನಂಗೆ ಗೊತ್ತುಂಟು, ನನ್ನ ಮಗ ಅಲ್ಲೇ ಕೆಲಸಕ್ಕೆ ಇರೋದು" ಎಂದು ಅವರು ಕೂತರು.

ಒಬ್ಬ ಹುಡುಗ, ಸಮುದ್ರದ ನೀರನ್ನು ಪಂಪು ಮಾಡಿ ಅಂಟಾರ್ಕ್ಟಿಕಾದ ಮೇಲೆ ಸುರಿದು ಮತ್ತೆ ಹೆಪ್ಪುಗಟ್ಟಿಸಿದರೆ ಆಗದಾ ಎಂದ. ತಮಾ, ನಿನ್ನಂತೆಯೇ ಯೋಚಿಸಿ ಲೆಕ್ಕ ಹಾಕಿದವರು ಇದ್ದಾರೆ. 2016ರಲ್ಲಿ ಪ್ರಕಟವಾಯಿತು. ದಡದಲ್ಲಿ ಸುರಿದರೆ ಹಿಮ ಬೇಗ ಜಾರಿ ವಾಪಸ್ ಕಡಲಿಗೆ ಬರುತ್ತದೆ, ನೂರಾರು ಕಿಲೋಮೀಟರ್ ಒಳಗೆ, ಮೂರು ನಾಲ್ಕು ಸಾವಿರ ಮೀಟರ್ ಎತ್ತರಕ್ಕೆ ಏರಿಸಬೇಕು. ಬರೀ ಎತ್ತಲಿಕ್ಕೇ ಇಡೀ ಜಗತ್ತು ಬಳಸುವ ಶಕ್ತಿಯಲ್ಲಿ ನೂರಕ್ಕೆ ಏಳಕ್ಕಿಂತ ಜಾಸ್ತಿ ಬೇಕು ಎಂದು ಬಂತು.

ಹಾಗಾದರೆ ನನ್ನ ಕಾಲಕ್ಕೆ ಎಷ್ಟು ಏರುತ್ತದೆ ಎಂದು ಅವನೇ ಮತ್ತೆ ಕೇಳಿದ. 2050ಕ್ಕೆ ಜಗತ್ತಿನ ಸರಾಸರಿ ಈ ಶತಮಾನದ ಶುರುವಿಗಿಂತ 20 ಸೆಂಟಿಮೀಟರ್ ಆಸುಪಾಸು, ನಾವು ಏನೇ ಮಾಡಿದರೂ ಇದರಲ್ಲಿ ಹೆಚ್ಚು ಬದಲಾಗುವುದಿಲ್ಲ. 2100ಕ್ಕೆ ಎಷ್ಟು ಎನ್ನುವುದು ಹೊಗೆ ಎಷ್ಟು ಬಿಡುತ್ತೇವೆ ಎನ್ನುವುದರ ಮೇಲಿದೆ, ಮೂವತ್ತು ಸೆಂಟಿಮೀಟರಿನಿಂದ ಒಂದು ಮೀಟರಿನವರೆಗೂ ಹೇಳುತ್ತಾರೆ.

ಕೊನೆಗೆ ಹೊಳೆ ಬದಿಯ ಶಾಲೆಯ ಅಕ್ಕೋರೊಬ್ಬರು, ಮಕ್ಕಳಿಂದ ಏನಾದರೂ ಅಳೆಸಬಹುದಾ ಎಂದು ಕೇಳಿದರು. ಭಾವಿ ನೀರಿನ ಉಪ್ಪು ಅಳೆಸಿ ಎಂದೆ. ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಪೆನ್ನಿನಷ್ಟೇ ಇರುತ್ತದೆ, ನೀರಿಗೆ ಅದ್ದಿದರೆ ಅಂಕಿ ತೋರಿಸುತ್ತದೆ. ಪ್ರತಿ ಹುಣ್ಣಿಮೆ, ಅಮಾವಾಸ್ಯೆಗೆ ದೊಡ್ಡ ಭರತ ಇರುತ್ತದೆ, ಆ ದಿನ ಒಂದು ಸಲ, ನಡುವಿನ ಅಷ್ಟಮಿಗೆ ಒಂದು ಸಲ. ಏಪ್ರಿಲ್, ಮೇ ತಪ್ಪಿಸಬಾರದು, ಆಗಲೇ ಉಪ್ಪು ಏರುವುದು. ರಜೆಯಲ್ಲಿ ಮಕ್ಕಳು ಬರುವುದಿಲ್ಲ ಎಂದರು. ಭಾವಿ ಪಕ್ಕದ ಮನೆಯ ಮಗುವಿಗೆ ಮೀಟರ್ ಕೊಟ್ಟು ಹೋಗಿ, ಒಂದು ನೋಟ್‌ಬುಕ್ ಜತೆಗೆ, ಎಂದೆ.